ಜೋಡಿ ಕೊಳ್ಳಬ್ಯಾಡ್ರಿ, ಮರಿ ಬೆಳಸ್ರಿ

"ಕಾಕಾ, ತತ್ತಿ ಇಡೋ ಏಂಜೆಲ್ ಮೀನಿನ ಜೋಡಿ ಎಲ್ಲಿ ಸಿಗತೈತ್ರಿ?" ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಹುಬ್ಬಳ್ಳಿ ಬೆಂಗೇರಿಯ ನಮ್ಮ ಓಣಿಯಲ್ಲಿ ಈಗ ಹೆಚ್ಚಾಗಿದ್ದಾರೆ. ಕೇಶ್ವಾಪುರದ ಕಡೆಯಿಂದಲೂ ಬರುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಜೋಡಿ ಹುಡುಕಬೇಡಿ. ಆರೋ ಎಂಟೋ ಮರಿ ತಂದು ಒಂದೇ ತೊಟ್ಟಿಯಲ್ಲಿ ಬೆಳೆಸಿ. ದೊಡ್ಡವಾದ ಮೇಲೆ ತಮ್ಮ ಜೋಡಿಯನ್ನು ತಾವೇ ಆರಿಸಿಕೊಳ್ಳುತ್ತವೆ. ಏಂಜೆಲ್‌ಗೆ ಇದಕ್ಕೆ ಎಂಟು ಹತ್ತು ತಿಂಗಳು ಬೇಕು. ತಳಿ ಮಾಡುವ ಕೆಲಸ ತತ್ತಿ ಕಂಡ ದಿನ ಶುರುವಾಗುವುದಲ್ಲ, ಮರಿ ತಂದ ದಿನವೇ ಶುರುವಾಗುತ್ತದೆ. ಆ ತಿಂಗಳುಗಳಲ್ಲಿ ನೀವು ಕೊಟ್ಟ ನೀರು, ಹಾಕಿದ ಆಹಾರ, ಮಾಡಿದ ಆಯ್ಕೆ ಇವೇ ಮುಂದೆ ತತ್ತಿಯಾಗಿ ಕಾಣುವುದು.

ಅಂಗಡಿಯಲ್ಲಿ "ಪಕ್ಕಾ ಜೋಡಿ" ಎಂದು ಮಾರುವ ಮೀನುಗಳ ವಯಸ್ಸು ನಿಮಗೆ ತಿಳಿಯದು. ಒಳ್ಳೆಯ ಮರಿ ಕೊಡುತ್ತಿರುವ ಜೋಡಿಯನ್ನು ಸಾಕಿದವರು ಸುಮ್ಮನೆ ಮಾರುವುದಿಲ್ಲ. ಮುದಿಯಾಗಿರಬಹುದು, ತತ್ತಿ ತಿನ್ನುವ ಚಾಳಿ ಬಿದ್ದಿರಬಹುದು, ಎರಡೂ ಹೆಣ್ಣೇ ಇರಬಹುದು. ಗಂಡಿಲ್ಲದಿದ್ದರೂ ಎರಡು ಹೆಣ್ಣು ಏಂಜೆಲ್‌ಗಳು ಕೂಡಿಕೊಂಡು ಎಲೆ ತಿಕ್ಕಿ ತತ್ತಿ ಇಡುತ್ತವೆ. ಅವುಗಳಲ್ಲಿ ಒಂದೂ ಒಡೆಯುವುದಿಲ್ಲ, ಎಲ್ಲ ಬೆಳ್ಳಗಾಗಿ ಹೋಗುತ್ತವೆ.

ಏಂಜೆಲ್ ಸಿಕ್ಲಿಡ್ ಕುಲದ ಮೀನು. ಸಿಕ್ಲಿಡ್ ಅಂದರೆ ಒಂದು ಮೀನಿನ ಹೆಸರಲ್ಲ, ದೊಡ್ಡದೊಂದು ಕುಲ. ದಕ್ಷಿಣ ಅಮೆರಿಕದ ಏಂಜೆಲ್, ಆಸ್ಕರ್, ಡಿಸ್ಕಸ್, ರ‍್ಯಾಮ್. ಮಧ್ಯ ಅಮೆರಿಕದ ಪಟ್ಟೆ ಪಟ್ಟೆ ಕಾನ್ವಿಕ್ಟ್. ಆಫ್ರಿಕದ ಮಲಾವಿ ಸರೋವರದ ಹಳದಿ ಲ್ಯಾಬ್, ಪೀಕಾಕ್. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಕರಾವಳಿಯ ಕರಿಮೀನು. ಇವೆಲ್ಲವೂ ಆ ಕುಲದವೇ. ಮರಿ ಕಾಯುವುದು ಈ ಕುಲದ ಗುಣ. ಬಹಳ ಮೀನುಗಳು ತತ್ತಿ ಚೆಲ್ಲಿ ಹೋಗುತ್ತವೆ, ಇವು ಹೋಗುವುದಿಲ್ಲ. ಅದನ್ನು ಕಣ್ಣಾರೆ ನೋಡುವುದಕ್ಕಾಗಿಯೇ ಈ ಮೀನು ಸಾಕಬೇಕು ಎನ್ನುವವನು ನಾನು.

• ಮೊದಲು ಮನೆಯ ನೀರು ನೋಡಿ, ಆಮೇಲೆ ಮೀನು ಆರಿಸಿ. ನಮ್ಮ ನಳಕ್ಕೆ ಬರುವುದು ಸವದತ್ತಿಯ ಕಡೆಯಿಂದ ಬರುವ ಮಲಪ್ರಭೆಯ ನೀರು. ಬೋರಿನದು ಸವಳು. ನೀರು ಕಾಸುವ ಪಾತ್ರೆಯೊಳಗೆ ಬಿಳಿ ಹಕ್ಕಳ ಕಟ್ಟುತ್ತಿದ್ದರೆ ನಿಮ್ಮ ನೀರು ಗಡಸು ಎಂದೇ ತಿಳಿಯಿರಿ. ಗಡಸು ನೀರು ಮಲಾವಿ ಮೀನಿಗೆ ಹೇಳಿ ಮಾಡಿಸಿದ್ದು, ಕಾನ್ವಿಕ್ಟ್‌ಗೂ ಅಡ್ಡಿಯಿಲ್ಲ. ಏಂಜೆಲ್ ಅದರಲ್ಲಿ ಬೆಳೆಯುತ್ತದೆ, ಆದರೆ ತತ್ತಿ ಒಡೆಯುವ ಹೊತ್ತಿಗೆ ಮೆದು ನೀರು ಇದ್ದರೆ ಮರಿ ಹೆಚ್ಚು ಸಿಗುತ್ತವೆ. ರ‍್ಯಾಮ್, ಡಿಸ್ಕಸ್ ಗಡಸು ನೀರಿಗೆ ಬೇಡವೇ ಬೇಡ. ಬಾಟಲಿಯ ಔಷಧ ಸುರಿದು ಪಿಎಚ್ ಇಳಿಸುತ್ತೇನೆ, ಏರಿಸುತ್ತೇನೆ ಎಂದು ಹೋಗಬೇಡಿ. ದಿನಕ್ಕೊಂದು ಬಗೆಯಾಗುವ ನೀರಿಗಿಂತ ಒಂದೇ ಹದದಲ್ಲಿ ನಿಂತ ನೀರು ಎಷ್ಟೋ ಮೇಲು. ನೀರಿಗೆ ಹೊಂದುವ ಮೀನನ್ನೇ ತನ್ನಿ.

• ನಳ ಬಂದ ದಿನ ಹಿಡಿದ ನೀರನ್ನು ಅಂದೇ ತೊಟ್ಟಿಗೆ ಹಾಕಬೇಡಿ. ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನಲ್ಲಿ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಒಂದು ದೊಡ್ಡ ಡ್ರಮ್ಮನ್ನು ಮೀನಿಗೆಂದೇ ಇಡಿ. ಅದರಲ್ಲಿ ಏರ್ ಪಂಪಿನ ಕಲ್ಲು ಬಿಟ್ಟು ಒಂದೆರಡು ದಿನ ಆಡಿಸಿ, ಆಮೇಲೆ ಬಳಸಿ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಅಲ್ಲೇ ತತ್ತಿ ಇಡುತ್ತದೆ. ಅವಸರವಿದ್ದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು, ಕೆಮಿಕಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಸಾಮಾನ್ಯ ನಳದ ನೀರಿಗೆ 100 ಲೀಟರಿಗೆ 1 ಗ್ರಾಂ ಸಾಕು. ಮಳೆಗಾಲದಲ್ಲಿ ನೀರು ಕೆಂಪಗೆ ಬರುವಾಗ ಕ್ಲೋರಿನ್ ಘಾಟು ಜಾಸ್ತಿ ಎನ್ನಿಸಿದರೆ ಹೈಪೋ ಹಾಕಿಯೂ ಒಂದು ದಿನ ಕಾಯಿರಿ. ನಮ್ಮಲ್ಲಿ ನಳ ದಿನಾ ಬರುವುದಿಲ್ಲ ಎಂಬುದು ಗೊತ್ತೇ ಇದೆ. ಮೀನಿನ ಪಾಲಿನ ನೀರು ಶೇಖರಿಸಿಡಲು ಜಾಗವಿಲ್ಲದ ಮನೆಯಲ್ಲಿ ದೊಡ್ಡ ತೊಟ್ಟಿ ಇಡಬೇಡಿ.

• ತೊಟ್ಟಿಯ ಅಳತೆಯಲ್ಲಿ ಜಿಪುಣತನ ಬೇಡ. ಆರು ಏಂಜೆಲ್ ಮರಿಗಳನ್ನು ಜೋಡಿ ಆಗುವ ತನಕ ಬೆಳೆಸಲು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಬೇಕು. ಅದು ಸುಮಾರು 250 ಲೀಟರ್ ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಸೇರಿದರೆ ತೂಕ 300 ಕಿಲೋ ದಾಟುತ್ತದೆ. ಆದ್ದರಿಂದ ಓದುವ ಟೇಬಲ್ಲಿನ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಗೋಡೆಗೆ ಹತ್ತಿರ ಇಡಿ. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಸಿ.

• ಖಾಲಿ ತೊಟ್ಟಿಗೆ ನೀರು ತುಂಬಿದ ಮರುದಿನವೇ ಮರಿ ತರುವುದು ಅವುಗಳನ್ನು ಕೊಂದಂತೆ. ಮೀನಿನ ಹೇಲು, ಉಚ್ಚೆ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿ ಇರುವ ಗೆಳೆಯರಿಂದ ಓಡುತ್ತಿರುವ ಸ್ಪಂಜ್ ಫಿಲ್ಟರೊಂದನ್ನು ತಂದು ಹಾಕಿದರೆ ಬೇಗ ಆಗುತ್ತದೆ. ಆದರೆ ಆ ತೊಟ್ಟಿಯಲ್ಲಿ ರೋಗವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮರಿ ಬೆಳೆಸಲು ಸ್ಪಂಜ್ ಫಿಲ್ಟರಿಗಿಂತ ಒಳ್ಳೆಯದು ನನಗೆ ಕಂಡಿಲ್ಲ, ಚಿಕ್ಕ ಮರಿಯನ್ನು ಅದು ಒಳಗೆ ಎಳೆದುಕೊಳ್ಳುವುದಿಲ್ಲ. ಸ್ಪಂಜನ್ನು ನಳದ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

• ಮರಿ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಎರಡು ಇಂಚು ಕೂಡ ಇಲ್ಲದ ಪೀಕಾಕ್ ಮರಿ ನೀಲಿ ಕೆಂಪು ಮಿಂಚುತ್ತಿದ್ದರೆ ಅದಕ್ಕೆ ಹಾರ್ಮೋನು ತಿನ್ನಿಸಿರುವ ಸಂಭವ ಬಹಳ. ಗಂಡಿನ ಹಾರ್ಮೋನು ಕೊಟ್ಟರೆ ಹೆಣ್ಣೂ ಬಣ್ಣ ತಳೆಯುತ್ತದೆ. ಅಂಥ ಮೀನು ಮುಂದೆ ತಳಿಗೆ ಬಾರದೆ ಹೋಗುತ್ತದೆ. ಪೀಕಾಕ್ ಮರಿ ಆ ವಯಸ್ಸಿನಲ್ಲಿ ಬೂದು ಬಣ್ಣದ್ದೇ ಇರಬೇಕು. ಮೈಗೆ ಬಣ್ಣ ಚುಚ್ಚಿದ ಪ್ಯಾರಟ್ ಮೀನು, ಹೃದಯದ ಚಿತ್ರ ಹಚ್ಚೆ ಹಾಕಿದ ಮೀನು ಕಂಡರೆ ಕೊಳ್ಳಬೇಡಿ, ಕೊಳ್ಳುವವರಿಗೂ ಬೇಡ ಎನ್ನಿ. ಆ ಜೀವಕ್ಕೆ ಕೊಡುವ ಹಿಂಸೆ ಅದು. ಪ್ಯಾರಟ್, ಫ್ಲವರ್‌ಹಾರ್ನ್ ಎರಡೂ ಮನುಷ್ಯ ಬೆರೆಸಿ ಮಾಡಿದ ಮೀನುಗಳು. ಪ್ಯಾರಟ್ ಗಂಡುಗಳಿಗೆ ಸಾಮಾನ್ಯವಾಗಿ ಸಂತಾನ ಆಗುವುದಿಲ್ಲ. ತಳಿಯ ಆಸೆ ಇರುವವರು ಇವೆರಡನ್ನೂ ಬಿಡಿ.

• ಎಲ್ಲ ಮರಿಗಳನ್ನೂ ಒಂದೇ ತೊಟ್ಟಿಯಿಂದ ಎತ್ತಿಸಿಕೊಂಡರೆ ಅವು ಒಂದೇ ತಾಯಿಯ ಮಕ್ಕಳಾಗಿರುವ ಸಂಭವ ಹೆಚ್ಚು, ಒಡಹುಟ್ಟಿದವೇ ಕೂಡುವುದು ತಳಿಗೆ ಒಳ್ಳೆಯದಲ್ಲ. ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಕೊಳ್ಳಿ. ಸಾಧ್ಯವಾದರೆ ಒಂದು ಪಾಲು ಬೇರೆ ಊರಿನಿಂದ ಬರಲಿ. ಧಾರವಾಡ, ಬೆಳಗಾವಿಯ ಗೆಳೆಯರ ಮೀನಾದರೆ ಇನ್ನೂ ಒಳ್ಳೆಯದು. ಆರಿಸುವಾಗ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಆಹಾರ ಹಾಕಿಸಿ ನೋಡಿ. ಮುಂದೆ ಬಂದು ತಿನ್ನುವ, ರೆಕ್ಕೆ ಬಿಚ್ಚಿಕೊಂಡು ಈಜುವ, ಎರಡೂ ಕಣ್ಣು ಒಂದೇ ಅಳತೆಯ ಮರಿ ಆರಿಸಿ. ಹೊಟ್ಟೆ ಬೆನ್ನಿಗಂಟಿದ್ದು, ಬಿಳಿ ದಾರದಂಥ ಹೇಲು ಬಿಡುವುದು, ಮೂಲೆ ಹಿಡಿದು ನಿಂತದ್ದು ಬೇಡ. ಆ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೂ ಅಲ್ಲಿಂದ ಏನನ್ನೂ ತರಬೇಡಿ.

• ತಂದ ಮರಿಗಳನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಡಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಮೈಮೇಲೆ ಕಂಡರೆ ಅದು ಇಕ್ ರೋಗ. ನೀರಿನ ಬಿಸಿಯನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚು ಬಿಡಿ, ಉಪ್ಪು ಹಾಕಿ. ಹೊಸ ಮರಿಗೂ ಹಳೆಯ ತೊಟ್ಟಿಗೂ ಬಲೆ, ಪೈಪು ಬೇರೆ ಬೇರೆ ಇರಲಿ.

• ಇನ್ನು ಬೆಳೆಸುವುದು. ಇಲ್ಲಿಯೇ ಬಹಳ ಜನ ಸೋಲುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರಿ ಬೆಳೆಯುವುದು ಆಹಾರದಿಂದ ಎಂದು ತಿಳಿದು ಸುರಿಯುವವರೇ ಹೆಚ್ಚು. ಆಹಾರದಷ್ಟೇ ಹೊಸ ನೀರೂ ಮರಿಯನ್ನು ಬೆಳೆಸುತ್ತದೆ. ಮೊದಲ ಆರು ತಿಂಗಳು ವಾರಕ್ಕೆ ಎರಡು ಸಲ ಮೂರನೆಯ ಒಂದು ಭಾಗ ನೀರು ತೆಗೆದು, ಅಷ್ಟೇ ಬಿಸಿಯ ಹೊಸ ನೀರು ತುಂಬಿ. ಆ ವಯಸ್ಸಿನಲ್ಲಿ ಕೊಳಕು ನೀರಲ್ಲಿ ಕುಗ್ಗಿದ ಮರಿ ಆಮೇಲೆ ಎಷ್ಟು ತಿನ್ನಿಸಿದರೂ ಚಿಕ್ಕದಾಗಿಯೇ ಉಳಿಯುತ್ತದೆ. ಕಣ್ಣು ಮಾತ್ರ ದೊಡ್ಡದಾಗಿ, ಮೈ ಗಿಡ್ಡವಾಗಿ ಕಾಣುವ ಏಂಜೆಲ್ ನೋಡಿದ್ದೀರಲ್ಲ, ಅದು ಹಾಗೆ ಕುಗ್ಗಿದ ಮೀನು. ತಳಿಗೆ ಅದು ಬೇಡ.

ದಿನಕ್ಕೆ ಮೂರು ನಾಲ್ಕು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಂಡೆ ಆಹಾರದ ಕಾಳು ಮರಿಯ ಕಣ್ಣಿಗಿಂತ ದೊಡ್ಡದಿರಬಾರದು. ಏಂಜೆಲ್‌ಗೆ ಒಳ್ಳೆಯ ಉಂಡೆ ಆಹಾರದ ಜೊತೆ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ, ಹೆಪ್ಪುಗಟ್ಟಿಸಿದ ರಕ್ತಹುಳ ಕೊಡಬಹುದು. ಮಲಾವಿಯ ಬಂಡೆ ಮೀನುಗಳ ಹೊಟ್ಟೆ ಬೇರೆ. ಅವುಗಳಲ್ಲಿ ಹೆಚ್ಚಿನವು ಬಂಡೆಯ ಪಾಚಿ ಕೆರೆದು ತಿನ್ನುವ ಜಾತಿ. ಅವಕ್ಕೆ ಸ್ಪಿರುಲಿನಾ ಇರುವ ಆಹಾರ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಬಿಸಿನೀರಲ್ಲಿ ಅದ್ದಿದ ಪಾಲಕ ಹಿತ. ಮಾಂಸ ಹೆಚ್ಚಾದರೆ ಹೊಟ್ಟೆ ಉಬ್ಬಿ ಸಾಯುತ್ತವೆ, ಆ ಉಬ್ಬರ ಬಂದ ಮೇಲೆ ಉಳಿಯುವುದು ಕಷ್ಟ. ಗಟಾರದಲ್ಲಿ ಹಿಡಿದ ಟ್ಯೂಬಿಫೆಕ್ಸ್ ಹುಳ ಅಗ್ಗ, ಮರಿ ಆಸೆಯಿಂದ ತಿನ್ನುತ್ತವೆ. ಆದರೆ ಗಟಾರದ ರೋಗವೂ ಅದರ ಜೊತೆಗೇ ಬರುತ್ತದೆ, ತರಬೇಡಿ. ಸೊಳ್ಳೆ ಮರಿ ಬೆಳೆಸಿ ಮೀನಿಗೆ ಹಾಕುತ್ತೇನೆ ಎನ್ನುವವರಿಗೆ ನನ್ನ ಮಾತು ಇಷ್ಟೇ: ಓಣಿಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಿಮ್ಮ ಮೀನಿಗಾಗಿ ಅವರಿಗೆ ಡೆಂಗಿ ಬರುವುದು ಬೇಡ.

• ಆಯ್ಕೆ ಕಟ್ಟುನಿಟ್ಟಾಗಿರಲಿ. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುವುದು ನಿಮಗೆಲ್ಲ ಗೊತ್ತು. ಅಲ್ಲಿ ನೂಲು, ಬಣ್ಣ, ಅಳತೆ, ಹೊಲಿಗೆ ಯಾವುದರಲ್ಲಿ ದೋಷ ಕಂಡರೂ ಆ ಬಟ್ಟೆ ಧ್ವಜವಾಗಿ ಹೊರಗೆ ಬರುವುದಿಲ್ಲ. ತಳಿಗೆಂದು ಇಟ್ಟುಕೊಳ್ಳುವ ಮರಿಯನ್ನೂ ಹಾಗೆಯೇ ನೋಡಿ. ಏಂಜೆಲ್‌ನಲ್ಲಿ ಕಿವಿರಿನ ಮುಚ್ಚಳ ಪೂರ್ತಿ ಮುಚ್ಚಿರಬೇಕು, ಒಳಗಿನ ಕೆಂಪು ಕಾಣಬಾರದು. ಹೊಟ್ಟೆಯ ಕೆಳಗಿನ ದಾರದಂಥ ರೆಕ್ಕೆಗಳು ಎರಡೂ ನೆಟ್ಟಗಿರಬೇಕು. ಬೆನ್ನುಮೂಳೆ ಸೊಟ್ಟಗಿರಬಾರದು, ಬಾಲ ಕುಗ್ಗಿರಬಾರದು. ದೋಷವಿರುವ ಮೀನೂ ಚಂದವಾಗಿ ಬದುಕುತ್ತದೆ, ಅದನ್ನು ಬೇರೆ ತೊಟ್ಟಿಯಲ್ಲಿ ಸಾಕಿ, ಮನೆಯ ಮೀನಾಗಿ ಇರಲಿ. ತಳಿಗೆ ಮಾತ್ರ ಬಿಡಬೇಡಿ. ಎಲ್ಲಕ್ಕಿಂತ ಮೊದಲು ದೊಡ್ಡದಾದ ಮೀನೇ ಉತ್ತಮ ಎಂದೂ ತಿಳಿಯಬೇಡಿ. ಹಾಗೆ ಆರಿಸುತ್ತ ಹೋದರೆ ಕೆಲವು ಜಾತಿಗಳಲ್ಲಿ ಬರೀ ಗಂಡೇ ನಿಮ್ಮ ಬಳಿ ಉಳಿದಾವು.

• ಜಾತಿ ಬೆರೆಸಬೇಡಿ. ಮಲಾವಿಯ ಪೀಕಾಕ್‌ಗಳ ಬೇರೆ ಬೇರೆ ಬಗೆಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕೂಡಿಬಿಡುತ್ತವೆ. ಹೆಣ್ಣುಗಳು ನೋಡಲು ಒಂದೇ ತರಹ, ಯಾವುದು ಯಾವುದರದು ಎಂದು ಬಲ್ಲವರಿಗೂ ತಿಳಿಯದು. ಹುಟ್ಟಿದ ಮರಿಗೆ ಹೆಸರಿಲ್ಲ. ಅವನ್ನು ಶುದ್ಧ ತಳಿ ಎಂದು ಇನ್ನೊಬ್ಬರಿಗೆ ಕೊಟ್ಟರೆ ಅದು ಮೋಸ. ಒಂದು ತೊಟ್ಟಿಗೆ ಒಂದೇ ಬಗೆ.

• ಏಂಜೆಲ್, ಕಾನ್ವಿಕ್ಟ್ ಜೋಡಿ ಆದದ್ದು ನಿಮಗೆ ತಾನಾಗಿಯೇ ತಿಳಿಯುತ್ತದೆ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗುತ್ತವೆ. ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ, ಅದು ಜಗಳವಲ್ಲ, ಒಂದನ್ನೊಂದು ಪರೀಕ್ಷಿಸುವ ಬಗೆ. ಆಮೇಲೆ ಎಲೆಯನ್ನೋ ಫಿಲ್ಟರಿನ ಪೈಪನ್ನೋ ಬಾಯಿಂದ ತಿಕ್ಕಿ ತೊಳೆಯುತ್ತವೆ. ತತ್ತಿ ಇಡುವ ಮುಂಚೆ ಹೊಟ್ಟೆಯ ಕೆಳಗೆ ಚಿಕ್ಕ ಕೊಳವೆ ಕಾಣುತ್ತದೆ. ಗಂಡಿನದು ಸಪೂರ, ಚೂಪು. ಹೆಣ್ಣಿನದು ದಪ್ಪ, ಮೊಂಡು. ಕಾನ್ವಿಕ್ಟ್ ಐದಾರು ತಿಂಗಳಿಗೇ ಈ ಹಂತಕ್ಕೆ ಬರುತ್ತದೆ. ಜೋಡಿ ಕಟ್ಟಿದ ದಿನವೇ ಉಳಿದ ಮೀನುಗಳನ್ನು ಬೇರೆಡೆಗೆ ಸಾಗಿಸಿ, ತಡಮಾಡಿದರೆ ಬಡಪಾಯಿ ಮೀನು ರೆಕ್ಕೆ ಹರಿದುಕೊಂಡು ಸಾಯುತ್ತದೆ. ನೀವು ಬಯಸಿದ ಎರಡು ಮೀನೇ ಕೂಡಬೇಕೆಂದು ಹಟ ಹಿಡಿಯಬೇಡಿ. ಒತ್ತಾಯಕ್ಕೆ ಕೂಡಿಹಾಕಿದ ಜೋಡಿಯಲ್ಲಿ ಗಂಡು ಹೆಣ್ಣನ್ನು ಕೊಂದದ್ದೂ ಉಂಟು.

• ತತ್ತಿ ಇಡಲು ಜಾಗ ಕೊಡಿ. ಏಂಜೆಲ್‌ಗೆ ನೆಟ್ಟಗೆ ಒರಗಿಸಿದ ಹಂಚಿನ ತುಂಡು ಅಥವಾ ಪಿವಿಸಿ ಪೈಪು, ಕಾನ್ವಿಕ್ಟ್‌ಗೆ ಮಗ್ಗುಲಾಗಿ ಮಲಗಿಸಿದ ಮಣ್ಣಿನ ಕುಡಿಕೆ. ಮನೆ ಕಟ್ಟಿದಾಗ ಉಳಿದ ಶಹಾಬಾದ ಫರ್ಶಿ ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತದೆ. ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ. ಮಲಾವಿ ತೊಟ್ಟಿಗೆ ಗುಹೆ ಕಟ್ಟಲು ಅದೇ ಒಳ್ಳೆಯದು, ಏಂಜೆಲ್‌ಗೆ ಬೇಡ. ಯಾವ ಕಲ್ಲು ಎಂದು ಅನುಮಾನವಿದ್ದರೆ ನಾಲ್ಕು ಹನಿ ಲಿಂಬೆ ರಸ ಬಿಟ್ಟು ನೋಡಿ, ನೊರೆ ಎದ್ದರೆ ಸುಣ್ಣದ ಕಲ್ಲು.

• ಮಲಾವಿ ಮೀನುಗಳಲ್ಲಿ ಜೋಡಿ ಎಂಬುದೇ ಇಲ್ಲ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಬಿಡದೆ ಅಟ್ಟಿ ಕೊಲ್ಲುತ್ತದೆ. ಅದಕ್ಕೇ ಇವುಗಳ ಮರಿಯನ್ನು ಹತ್ತು ಹನ್ನೆರಡು ತಂದು ಬೆಳೆಸಿ, ದೊಡ್ಡವಾದಂತೆ ಹೆಚ್ಚಿನ ಗಂಡುಗಳನ್ನು ತೆಗೆಯಿರಿ. ಹೆಣ್ಣು ತತ್ತಿಯನ್ನು ಬಾಯಿಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಕಾಯುತ್ತದೆ, ಆ ದಿನಗಳಲ್ಲಿ ಏನನ್ನೂ ತಿನ್ನುವುದಿಲ್ಲ. ಗದ್ದ ಉಬ್ಬಿದ ಹೆಣ್ಣು ಕಂಡ ತಕ್ಷಣ ಬಲೆ ಹಾಕಬೇಡಿ, ಹೆದರಿ ತತ್ತಿ ನುಂಗಿಬಿಡುತ್ತದೆ. ಎರಡು ವಾರ ದಾಟಿದ ಮೇಲೆ ರಾತ್ರಿ ದೀಪ ಆರಿಸಿ, ಮೆಲ್ಲಗೆ ಎತ್ತಿ ಬೇರೆ ತೊಟ್ಟಿಗೆ ಬಿಡಿ. ಮರಿ ಉಗುಳಿದ ಮೇಲೆ ಆ ತಾಯಿಗೆ ಒಂದು ವಾರ ಚೆನ್ನಾಗಿ ತಿನ್ನಿಸಿ, ಮೈ ತುಂಬಿಕೊಂಡ ಮೇಲಷ್ಟೇ ಹಳೆಯ ತೊಟ್ಟಿಗೆ ಕಳಿಸಿ. ಸೊರಗಿದ ಹೆಣ್ಣನ್ನು ಹಾಗೆಯೇ ಕಳಿಸಿದರೆ ಉಳಿಯುವುದಿಲ್ಲ.

• ಏಂಜೆಲ್ ಮೊದಲ ಸಲ ಇಟ್ಟ ತತ್ತಿ ತಿಂದರೆ ಬೇಸರ ಬೇಡ. ಎಳೆಯ ಜೋಡಿ ಹಾಗೆಯೇ. ಎರಡು ಮೂರು ಸಲ ತಿಂದು ಆಮೇಲೆ ಕಾಯಲು ಕಲಿಯುತ್ತವೆ. ಅಂಗಡಿಯವರ ಲೆಕ್ಕ ಬೇರೆ, ತತ್ತಿ ಇಟ್ಟ ದಿನವೇ ಹಂಚು ಸಮೇತ ಎತ್ತಿ ಬೇರೆ ತೊಟ್ಟಿಯಲ್ಲಿಟ್ಟು, ಬೂಸು ಹಿಡಿಯದಂತೆ ಮಿಥಿಲೀನ್ ಬ್ಲೂ ಹಾಕಿ, ಗಾಳಿಕಲ್ಲಿನಿಂದ ಒಡೆಸುತ್ತಾರೆ. ಮರಿ ಹೆಚ್ಚು ಉಳಿಯುವುದು ನಿಜ. ಆದರೂ ಮನೆಯಲ್ಲಿ ಸಾಕುವವರು ಒಂದು ಸಲವಾದರೂ ತಂದೆತಾಯಿಗೇ ಬಿಟ್ಟು ನೋಡಿ. ಎರಡೂ ಸೇರಿ ತತ್ತಿಗೆ ರೆಕ್ಕೆಯಿಂದ ಗಾಳಿ ಬೀಸುವುದು, ಬೆಳ್ಳಗೆ ಕೆಟ್ಟ ತತ್ತಿಯನ್ನು ಆರಿಸಿ ತೆಗೆಯುವುದು, ಜಾರಿಬಿದ್ದ ಮರಿಯನ್ನು ಬಾಯಲ್ಲಿ ಹಿಡಿದು ತಂದು ಮತ್ತೆ ಎಲೆಗೆ ಅಂಟಿಸುವುದು ಇದನ್ನು ನೋಡಿದ ಮಗು ಯಾವತ್ತೂ ಮರೆಯುವುದಿಲ್ಲ. 28 ಡಿಗ್ರಿಯ ಆಸುಪಾಸಿನಲ್ಲಿ ತತ್ತಿ ಎರಡು ಎರಡೂವರೆ ದಿನಕ್ಕೆ ಒಡೆಯುತ್ತವೆ. ಮರಿ ಈಜಲು ಇನ್ನೂ ಐದು ದಿನದಷ್ಟು ಬೇಕು. ಈಜುವ ತನಕ ಹೊಟ್ಟೆಯಲ್ಲಿನ ಹಳದಿ ಚೀಲವೇ ಅವುಗಳ ಊಟ. ಅಲ್ಲಿಯ ತನಕ ಏನೂ ಹಾಕಬೇಡಿ, ನೀರು ಕೆಡುತ್ತದೆ.

• ಈಜುವ ಮರಿಗೆ ಮೊದಲ ಊಟ ಆರ್ಟೀಮಿಯಾ ಮರಿ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಹರಳುಪ್ಪು, ಅರ್ಧ ಚಮಚ ಆರ್ಟೀಮಿಯಾ ತತ್ತಿ, ಜೋರಾದ ಗಾಳಿ, 28 ಡಿಗ್ರಿ ಬಿಸಿ. ಒಂದರಿಂದ ಒಂದೂವರೆ ದಿನಕ್ಕೆ ಕಿತ್ತಳೆ ಬಣ್ಣದ ಮರಿ ಒಡೆಯುತ್ತವೆ. ಗಾಳಿ ನಿಲ್ಲಿಸಿ, ಬಾಟಲಿಯ ಮೇಲರ್ಧಕ್ಕೆ ಕರಿ ಬಟ್ಟೆ ಸುತ್ತಿ, ಕೆಳಗೆ ದೀಪ ಹಿಡಿಯಿರಿ. ಸಿಪ್ಪೆ ಮೇಲೆ ತೇಲುತ್ತದೆ, ಜೀವ ಇರುವವು ಬೆಳಕಿಗೆ ಇಳಿಯುತ್ತವೆ. ತೆಳು ಪಂಚೆಯ ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು, ಕೂಡಲೇ ತಿನ್ನಿಸಿ. ಇಟ್ಟಷ್ಟೂ ಅವುಗಳ ಸತ್ವ ಇಳಿಯುತ್ತದೆ. ದಿನಾ ಹೊಸ ಬಾಟಲಿ ಇಡುವುದು ಆಗದವರು ಓಟ್ಸ್ ಗಂಜಿಯಲ್ಲಿ ಮೈಕ್ರೋವರ್ಮ್ ಎಂಬ ಸಣ್ಣ ಹುಳ ಬೆಳೆಸಿಕೊಳ್ಳಿ. ಕೋಳಿ ತತ್ತಿಯ ಹಳದಿ ಹಿಸುಕಿ ಹಾಕುವ ರೂಢಿ ನಮ್ಮಲ್ಲಿದೆ. ಒಂದು ಚೂರು ಹೆಚ್ಚಾದರೂ ರಾತ್ರೋರಾತ್ರಿ ನೀರು ನಾರಿ ಮರಿ ಸಾಯುತ್ತವೆ, ನನಗದು ಒಪ್ಪಿಗೆಯಿಲ್ಲ.

• ಚಳಿಗಾಲದಲ್ಲಿ ಹುಬ್ಬಳ್ಳಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮರಿಗೆ 26ರಿಂದ 28 ಬೇಕು. 100 ಲೀಟರಿಗೆ 100 ವ್ಯಾಟಿನ ಹೀಟರು ಹಾಕಿ, ಜೊತೆಗೆ ಪ್ರತ್ಯೇಕ ಥರ್ಮಾಮೀಟರು ಇಡಿ, ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ನೀರು ತೆಗೆಯುವ ಮುನ್ನ ಪ್ಲಗ್ ಕೀಳಿ. ಬೇಸಿಗೆಯಲ್ಲಿ ತೊಟ್ಟಿಯ ನೀರು 30 ದಾಟಿದರೆ ಅದರಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಮುಚ್ಚಳ ತೆಗೆದು ಬಲೆ ಹೊದಿಸಿ, ಮೇಲೆ ಫ್ಯಾನು ಹಚ್ಚಿ. ಕರೆಂಟು ಹೋದಾಗ ಬ್ಯಾಟರಿಯಿಂದ ಓಡುವ ಏರ್ ಪಂಪು ಒಂದು ಮನೆಯಲ್ಲಿ ಇರಲೇಬೇಕು.

• ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಔಷಧ, ಬಣ್ಣದ ವಾಸನೆ ಬೇಡ. ಸೊಳ್ಳೆ, ಜಿರಳೆಗೆ ಬಳಸುವ ಪೈರೆಥ್ರಾಯ್ಡ್ ಔಷಧ ನಮಗೆ ಅಷ್ಟು ಬಾಧಿಸದಿದ್ದರೂ ಮೀನಿಗೆ ಘೋರ ವಿಷ. ಪಾಲಿಕೆಯವರು ಓಣಿಯಲ್ಲಿ ಹೊಗೆ ಹೊಡೆಯಲು ಬಂದಾಗ ಕಿಟಕಿ ಮುಚ್ಚಿ, ತೊಟ್ಟಿಗೆ ಹೊದಿಕೆ ಹಾಕಿ, ಹೊಗೆ ಹೋಗುವ ತನಕ ಪಂಪು ನಿಲ್ಲಿಸಿ.

• ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗುವಾಗ ದೊಡ್ಡ ಮೀನನ್ನು ಉಪವಾಸ ಬಿಡಿ, ಏನೂ ಆಗುವುದಿಲ್ಲ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋದರೆ ಪ್ರೀತಿಯಿಂದ ಸುರಿದು ಸಾಯಿಸುತ್ತಾರೆ. ಈಜು ಕಲಿತ ಮರಿ ಮಾತ್ರ ಒಂದು ದಿನವೂ ತಡೆಯದು, ಆ ಹೊತ್ತಿನಲ್ಲಿ ಪ್ರಯಾಣ ಇಟ್ಟುಕೊಳ್ಳಬೇಡಿ.

• ಒಂದು ನೋಟ್‌ಬುಕ್ ಇಡಿ. ಮರಿ ಎಲ್ಲಿಂದ ತಂದದ್ದು, ಯಾವ ದಿನ ತತ್ತಿ ಇಟ್ಟವು, ಎಷ್ಟು ಒಡೆದವು, ಎಷ್ಟು ಮರಿಗೆ ದೋಷವಿತ್ತು ಎಂದು ಬರೆಯಿರಿ. ಎರಡು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಗುರು ನಿಮಗೆ ಸಿಗುವುದಿಲ್ಲ.

• ತತ್ತಿ ಒಡೆಸುವ ಮೊದಲೇ ಮರಿ ಎಲ್ಲಿ ಹೋಗುತ್ತವೆ ಎಂದು ಯೋಚಿಸಿ. ಏಂಜೆಲ್ ಒಂದು ಸಲಕ್ಕೆ ನೂರಾರು ತತ್ತಿ ಇಡುತ್ತದೆ, ಕಾನ್ವಿಕ್ಟ್ ಕೂಡ ಹಾಗೆಯೇ. ಕಾನ್ವಿಕ್ಟ್ ಮರಿಯನ್ನು ಅಂಗಡಿಯವರು ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತಾರೆ. ಏಂಜೆಲ್, ಹಳದಿ ಲ್ಯಾಬ್ ಮರಿಗೆ ಗಿರಾಕಿ ಇದೆ. ಇದನ್ನೇ ಕಸುಬು ಮಾಡಿಕೊಳ್ಳುವ ಮನಸ್ಸಿದ್ದವರು, ಅದರಲ್ಲೂ ಮನೆಯಲ್ಲಿರುವ ಹೆಣ್ಣುಮಕ್ಕಳು, ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆಯ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಹಿಡಿದು, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60, ಉಳಿದವರಿಗೆ ಶೇ. 40 ಸಹಾಯಧನ ಇಟ್ಟರು. ಈಗ ಅರ್ಜಿ ಕರೆದಿದ್ದಾರೆಯೇ ಎಂದು ಅಲ್ಲೇ ಕೇಳಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಾಕಣೆಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವೂ ಇದೆ.

• ಬೇಡವಾದ ಮೀನನ್ನು ಉಣಕಲ್ ಕೆರೆಗೆ ಬಿಡಬೇಡಿ. ಇದನ್ನು ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಅದು ಪುಣ್ಯದ ಕೆಲಸವಲ್ಲ. 1952ರಲ್ಲಿ ನಮ್ಮ ದೇಶಕ್ಕೆ ಒಳ್ಳೆಯ ಉದ್ದೇಶದಿಂದಲೇ ಮೊಸಾಂಬಿಕ್ ತಿಲಾಪಿಯಾ ತಂದರು. ಈಗ ಅದು ಕೆರೆ ಕೆರೆಯಲ್ಲೂ ತುಂಬಿಕೊಂಡು ನಾಡಿನ ಮೀನಿನ ಜಾಗ, ಊಟ ಎರಡನ್ನೂ ಕಸಿದಿದೆ. ಮರಿಯನ್ನು ಕಾಯುವ ಗುಣವೇ ಅದಕ್ಕೆ ಅಷ್ಟು ಬಲ ಕೊಟ್ಟದ್ದು, ನಿಮ್ಮ ಕಾನ್ವಿಕ್ಟ್‌ಗೂ ಅದೇ ಗುಣವಿದೆ. ಸಾಕಲಾರದ ಮೀನನ್ನು ಸಾಕುವವರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ.

• ಕೊನೆಗೆ ನಮ್ಮದೇ ಸಿಕ್ಲಿಡ್‌ಗಳ ವಿಷಯ. ಭಾರತದಲ್ಲಿ ಹುಟ್ಟಿ ಬೆಳೆದ ಸಿಕ್ಲಿಡ್ ಮೂರೇ ಜಾತಿ, ಮೂರೂ ಕರ್ನಾಟಕದಲ್ಲಿವೆ. ಒಂದು ಅಳಿವೆಗಳ ಕರಿಮೀನು. ಇನ್ನೊಂದು ಕಿತ್ತಳೆ ಬಣ್ಣದ ಆರೆಂಜ್ ಕ್ರೋಮೈಡ್. ಮೂರನೆಯದು ಕೆನರಾ ಹೆಸರು ಹೊತ್ತ ಎಟ್ರೊಪ್ಲಸ್ ಕೆನರೆನ್ಸಿಸ್. ಮೀನು ತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ಅದನ್ನು ಹೆಸರಿಸಿದರು. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳ ಸೀಮೆಯಲ್ಲಿ ಸಿಗುವ ಅದು ಅಳಿವಿನ ಅಪಾಯದಲ್ಲಿರುವ ಮೀನು. ಹೊಳೆಯಿಂದ ಹಿಡಿದು ತಂದ ಕೆನರೆನ್ಸಿಸ್ ಯಾರು ಮಾರಿದರೂ ಕೊಳ್ಳಬೇಡಿ. ಆರೆಂಜ್ ಕ್ರೋಮೈಡ್ ಮಾತ್ರ ತೊಟ್ಟಿಯಲ್ಲೇ ಹುಟ್ಟಿದ್ದು ಸಿಗುತ್ತದೆ. ಮೂರು ಇಂಚಿನ ಚಿಕ್ಕ ಮೀನು, ದೊಡ್ಡ ತೊಟ್ಟಿ ಬೇಕಿಲ್ಲ, ನಮ್ಮ ಬೋರಿನ ಗಡಸು ನೀರು ಅದಕ್ಕೆ ಒಗ್ಗುತ್ತದೆ. ತಂದೆತಾಯಿ ಎರಡೂ ಮರಿ ಕಾಯುತ್ತವೆ, ಮರಿಗಳು ಅವುಗಳ ಮೈಯ ಲೋಳೆಯನ್ನು ನೆಕ್ಕಿ ಬೆಳೆಯುತ್ತವೆ. ಸಿಕ್ಲಿಡ್ ತಳಿ ಮಾಡಬೇಕೆಂಬ ಆಸೆ ಹೊತ್ತು ಮೊದಲ ಸಲ ತೊಟ್ಟಿ ಇಡುವವರು ಏಂಜೆಲ್‌ಗಿಂತ ಮುಂಚೆ ಇದರ ಆರು ಮರಿ ತನ್ನಿ.